ಹೊನ್ನವ್ವನ ಎತ್ತುಗಳು

ಶಿಷ್ಯನು ಕೇಳಿದನು: “ಗುರುಗಳೇ, ಪ್ರಜೆಗಳ ಆಳ್ವಿಕೆಯೆಂದರೆ ಹೆಚ್ಚು ಜನ ಹೇಳಿದ್ದು ನಡೆಯುವುದು. ಹಾಗಿರುವಾಗ ಒಬ್ಬೊಬ್ಬರೂ ತಮ್ಮ ಕಾಲ ಮೇಲೆ ತಾವು ನಿಂತಿರಬೇಕು ಎಂದು ಏಕೆ ಅಷ್ಟು ಒತ್ತಿ ಹೇಳುತ್ತೀರಿ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ನಲವತ್ತು ಒಕ್ಕಲು ಮನೆಗಳಿದ್ದವು. ಊರೊಟ್ಟಿನ ಯಾವ ವಿಷಯವೇ ಆಗಲಿ, ಚಾವಡಿಯಲ್ಲಿ ಪ್ರತಿ ಮನೆಯವರನ್ನೂ ಹೆಸರು ಹಿಡಿದು ಕೇಳಿಯೇ ತೀರ್ಮಾನಿಸಬೇಕು. ಅದು ಹಿರಿಯರು ಮಾಡಿಟ್ಟ ಕಟ್ಟಳೆ.

ಆ ಊರಿನ ಸಾಹುಕಾರನಿಗೆ ಮೂವತ್ತು ಜೋಡಿ ಎತ್ತುಗಳಿದ್ದವು. ಉಳುಮೆಗೆ ಯಾರು ಕೇಳಿದರೂ ಪುಕ್ಕಟೆ ಕೊಡುತ್ತಿದ್ದ. ಹಾಗೆ ಸಿಗುವಾಗ ಮೇವು, ನೀರು, ಸಗಣಿಯ ಉಸಾಬರಿ ಯಾರಿಗೆ ಬೇಕು? ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಎತ್ತುಗಳನ್ನು ಮಾರಿಬಿಟ್ಟರು. ಹೊನ್ನವ್ವ ಎಂಬ ವಿಧವೆ ಮಾತ್ರ ಮಾರಲಿಲ್ಲ. ದಿನವೂ ಹುಲ್ಲು ಕೊಯ್ದು ತಂದು ತನ್ನೆರಡು ಎತ್ತುಗಳನ್ನು ಸಾಕಿದಳು. ಊರವರು ನಕ್ಕರು. ತನ್ನದು ಬರೀ ಹಟವೇನೋ ಎಂದು ಅವಳಿಗೂ ಕೆಲವೊಮ್ಮೆ ಅನ್ನಿಸುತ್ತಿತ್ತು.

ಒಂದು ವರ್ಷ, ಬಿತ್ತನೆಗೆ ಎಂಟು ದಿನ ಇರುವಾಗ, ಊರ ಕೆರೆಯ ಅರ್ಧ ಅಂಗಳವನ್ನು ತನ್ನ ಕಬ್ಬಿನ ತೋಟಕ್ಕೆ ಬಿಟ್ಟುಕೊಡಬೇಕೆಂದು ಸಾಹುಕಾರ ಚಾವಡಿಯಲ್ಲಿ ಕೇಳಿದ. ಎತ್ತುಗಳ ಮಾತನ್ನು ಅವನು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ. ಊರ ಗೌಡ ಹೆಸರು ಕರೆಯುತ್ತ ಹೋದ. ಇಪ್ಪತ್ತು ಮನೆಯವರು ತಲೆ ತಗ್ಗಿಸಿ ‘ಆಗಲಿ’ ಎಂದರು. ಹೊನ್ನವ್ವನ ಸರದಿ ಬಂತು. ಅವಳು ಎದ್ದು ನಿಂತು, ಕೆರೆ ಊರಿನದು, ಕೊಡುವುದು ಬೇಡ ಎಂದಳು.

ಮುಂದಿನ ಹೆಸರು ಅವಳ ನೆರೆಯವನದು. ಅವನು ಗೌಡನಿಗೆ ಉತ್ತರ ಕೊಡದೆ ಅವಳ ಕಡೆ ತಿರುಗಿದ.

“ಅಕ್ಕಾ, ನಾನೂ ಬೇಡ ಅಂದರೆ ನಿನ್ನ ಎತ್ತುಗಳು ನನ್ನ ಹೊಲಕ್ಕೆ ಬರುತ್ತವೆಯೇ?”

“ಆಗಲಿ ಅಂದರೂ ಬರುತ್ತವೆ ತಮ್ಮಾ. ಎತ್ತಿನ ಚಿಂತೆ ಬಿಟ್ಟು ಕೆರೆಯ ಮಾತು ಹೇಳು.”

ಅವನು ಗೌಡನ ಕಡೆ ತಿರುಗಿ ‘ಬೇಡ’ ಎಂದ. ಅವನ ನಂತರದವನೂ ಅದನ್ನೇ ಹೇಳಿದ. ಮೊದಲು ಒಪ್ಪಿದ್ದವರು ತಮ್ಮನ್ನು ಇನ್ನೊಮ್ಮೆ ಕೇಳಬೇಕೆಂದರು. ಗೌಡ ಮೊದಲಿನಿಂದ ಹೆಸರು ಕರೆದ. ಕೆರೆ ಉಳಿಯಿತು.

ಮರುದಿನವೇ ಸಾಹುಕಾರ ಕೊಟ್ಟಿಗೆಯ ಬಾಗಿಲು ಹಾಕಿಸಿದ; ಯಾರಿಗೂ ಎತ್ತು ಕೊಡಲಿಲ್ಲ. ಆ ವರ್ಷ ಊರು ಗುದ್ದಲಿಯಲ್ಲಿ ಅಗೆದು ಬಿತ್ತಿತು. ಹೊನ್ನವ್ವನ ಎತ್ತುಗಳು ಕೈಲಾದಷ್ಟು ಹೊಲ ಉತ್ತವು. ಕೊನೆಯವರೆಗೂ ಸಾಹುಕಾರನ ಪರ ನಿಂತವರ ಹೊಲಗಳೂ ಅದರಲ್ಲಿದ್ದವು. ಬೆಳೆ ಕಡಿಮೆ ಬಂತು. ಆದರೂ ಮರುವರ್ಷದ ಹೊತ್ತಿಗೆ ಹನ್ನೊಂದು ಮನೆಗಳ ಮುಂದೆ ಎತ್ತುಗಳು ನಿಂತಿದ್ದವು.

ಆ ವರ್ಷ ಚಾವಡಿಯಲ್ಲಿ ಹೊನ್ನವ್ವ, ಕೆರೆಯ ನೀರು ಬಿಡಲು ಹೊಸ ತೂಬು ಇಡೋಣವೆಂದು ಕೇಳಿದಳು. ಅದೇ ನೆರೆಯವನು ಅವಳ ಮುಖವನ್ನು ನೇರವಾಗಿ ನೋಡಿ ‘ಬೇಡ’ ಎಂದ. ಹೆಚ್ಚಿನವರೂ ಬೇಡವೆಂದರು. ಅವಳ ಮಾತು ಬಿದ್ದುಹೋಯಿತು. ಹೊನ್ನವ್ವ ಅಂದು ಜೀವಮಾನದಲ್ಲಿ ಎಂದೂ ನಡೆಯದಷ್ಟು ತಲೆಯೆತ್ತಿ ಮನೆಗೆ ನಡೆದಳು.

ಕತೆ ಮುಗಿಯಿತು. ಶಿಷ್ಯನು ಕೈಮುಗಿದು, ತಾವು ಹೇಳುವುದು ಯಾವಾಗಲೂ ಸರಿಯೇ ಎಂದನು.

ಗುರುಗಳು ಹೇಳಿದರು: “ಈ ಮಠಕ್ಕೆ ಬಂದು ಆರು ವರ್ಷವಾಯಿತು, ನೀನು ನನಗೆ ಒಮ್ಮೆಯೂ ‘ಬೇಡ’ ಎಂದಿಲ್ಲ.”