ಗುರುಗಳ ಹಳೆಯ ಹಾವುಗೆ

ಚೆನ್ನಮಲ್ಲನಿಗೆ ಗುರುಗಳ ಮೇಲೆ ಸಿಟ್ಟು ಬಂದಿತ್ತು. ಶಿಷ್ಯನಾದವನಿಗೆ ಇದು ತಕ್ಕದ್ದಲ್ಲ, ಅವನಿಗೂ ಗೊತ್ತು. ಆದರೆ ಸಿಟ್ಟು ಯಾರ ಅಪ್ಪಣೆ ಕೇಳಿ ಬರುತ್ತದೆ?

ಹೊಳೆಯ ದಂಡೆಯ ಆ ಮಠದಲ್ಲಿ ಮರುಳಯ್ಯನವರು ಗುರುಗಳೂ ಹೌದು, ವೈದ್ಯರೂ ಹೌದು. ದನ ಕಾಯುವವನು ಬಂದರೆ ಅವನ ಸೊಂಟ ನೋಡುವರು, ಅಂಬಿಗರ ಮುದುಕಿ ಬಂದರೆ ಅವಳ ಮೊಣಕಾಲು ನೀವುವರು. ಸ್ವಂತ ಶಿಷ್ಯ ಕಣ್ಣೆದುರಿಗೇ ಕುಂಟುತ್ತಾ ಓಡಾಡುತ್ತಿದ್ದರೂ, ಏನಾಯಿತಯ್ಯಾ ಎಂದು ಒಂದು ಮಾತು ಕೇಳಿರಲಿಲ್ಲ.

ನೋವು ಸಾಮಾನ್ಯದ್ದಲ್ಲ. ಬಲಗಾಲಿನ ಬೆರಳುಗಳ ಬುಡದಲ್ಲಿ, ಅಂಗಾಲಿನ ಉಬ್ಬಿನಲ್ಲಿ, ಹೆಜ್ಜೆ ಊರಿದರೆ ಕೆಂಡ ಮೆಟ್ಟಿದ ಹಾಗೆ ಆಗುತ್ತಿತ್ತು. ಎರಡು ಬೆರಳು ಜೋಮು ಹಿಡಿದಿದ್ದವು. ಎಣ್ಣೆ ತಿಕ್ಕಿದ, ಬಿಸಿ ಮರಳಿನ ಶಾಖ ಕೊಟ್ಟ. ಯಾವುದಕ್ಕೂ ಜಗ್ಗದಿದ್ದಾಗ ಇದೂ ಒಂದು ತಪಸ್ಸು ಎಂದುಕೊಂಡು ಹಲ್ಲು ಕಚ್ಚಿ ನಡೆದ.

ಅಂದು ಬೆಳಿಗ್ಗೆ ಗುರುಗಳು ಸಂಚಾರದ ಮಾತೆತ್ತಿದರು. ಊರೂರು ನಡೆದು ರೋಗಿಗಳನ್ನು ನೋಡುವ ಸಂಚಾರ ಅದು. ಅವರ ಬೆನ್ನಿಗೆ ನಡೆದು ವೈದ್ಯ ಕಲಿಯಬೇಕೆಂದೇ ಚೆನ್ನಮಲ್ಲ ಮಠ ಸೇರಿದ್ದ.

"ನೀನು ಬರೋದು ಬೇಡ," ಎಂದರು ಗುರುಗಳು.

ಅಷ್ಟು ದಿನ ಅಂಗಾಲಿನಲ್ಲಿದ್ದ ಉರಿ ನೆತ್ತಿಗೇರಿತು.

"ಯಾಕೆ ಬುದ್ಧಿ? ನಾನೇನು ತಪ್ಪು ಮಾಡ್ದೆ?"

"ಕುಂಟೋ ವೈದ್ಯನಿಗೆ ಯಾರು ಕಾಲು ತೋರಿಸ್ತಾರೆ?"

"ಊರಿಗೆಲ್ಲ ಔಷಧಿ ಕೊಡ್ತೀರಿ. ನನ್ನ ಕಾಲು ಮಾತ್ರ ನಿಮ್ಮ ಕಣ್ಣಿಗೆ ಬೀಳ್ಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ಸುಮ್ನೆ ಹೇಳ್ತಾರಾ?"

"ಊರಿನವರು ನೋವು ಅಂತ ಬಾಯಿಬಿಟ್ಟು ಹೇಳ್ತಾರೆ. ನೀನು ಹೇಳಿದ್ಯಾ?"

ಚೆನ್ನಮಲ್ಲ ಮುಖ ಊದಿಸಿಕೊಂಡು ನಿಂತ. ಗುರು ಎಂದ ಮೇಲೆ ಹೇಳದೆಯೇ ತಿಳಿಯಬೇಡವೇ ಎಂಬುದು ಅವನ ಹಟ.

ಮರುಳಯ್ಯನವರು ಅವನನ್ನು ಜಗಲಿಯ ಮೇಲೆ ಕೂರಿಸಿ, ಪಾದವನ್ನು ಎರಡೂ ಬದಿಯಿಂದ ಹಿಡಿದು ಅಮುಕಿದರು. ಒಳಗೆ ಏನೋ ಕಟಕ್ಕೆಂದಿತು. ಚೆನ್ನಮಲ್ಲ ಕಿರುಚಿಕೊಂಡ.

"ಎಲುಬಿನ ಸಂದಿಯಲ್ಲಿ ನರ ಸಿಕ್ಕಿ ಬಾತಿದೆ. ಕಾಲಿಗೆ ಏನು ಹಾಕ್ಕೋತೀಯ?"

ಅವನು ತನ್ನ ಮರದ ಹಾವುಗೆ ತಂದು ಮುಂದಿಟ್ಟ. ಸವೆದುಹೋದ, ಕಿರಿದಾದ ಹಾವುಗೆ. ತನ್ನ ಅಗಲ ಪಾದ ಅದರ ಮೇಲೆ ನಿಲ್ಲುವುದಿಲ್ಲವೆಂದು ಬಟ್ಟೆಯ ಪಟ್ಟಿಯಿಂದ ಬಿಗಿದು ಕಟ್ಟಿಕೊಳ್ಳುತ್ತಿದ್ದ.

"ಇದು ನನ್ನದಲ್ವಾ?"

"ನಿಮ್ಮದೇ ಬುದ್ಧಿ. ನೀವೇ ಕೈಯಾರೆ ಕೊಟ್ಟ ಪ್ರಸಾದ." ಹೇಳುವಾಗ ಅವನ ಕಣ್ಣು ತುಂಬಿತು. "ಎಷ್ಟು ಉರಿದ್ರೂ ಒಂದು ದಿನ ಬಿಟ್ಟಿಲ್ಲ."

ಗುರುಗಳ ಮುಖ ಕೆಂಪಾಯಿತು.

"ನೀರೊಲೆಗೆ ಹಾಕು ಅಂತ ಕೊಟ್ಟಿದ್ದೆ ಕಣೋ. ನನ್ನ ಕಾಲಿಗೂ ಕಚ್ತಾ ಇತ್ತು."

"ಗುರುವಿನ ಹಾವುಗೆ ಯಾರಾದ್ರೂ ಒಲೆಗೆ ಹಾಕ್ತಾರಾ ಬುದ್ಧಿ? ನನ್ನ ಭಕ್ತಿ ಪರೀಕ್ಷೆ ಮಾಡ್ತಿದ್ದೀರಿ ಅಂದ್ಕೊಂಡೆ."

"ಪರೀಕ್ಷೆ ಅಂತೆ."

ಮರುಳಯ್ಯನವರು ಹಾವುಗೆ ಎತ್ತಿಕೊಂಡು ದಡದಡ ಹಿತ್ತಲಿಗೆ ಹೋದರು. ಉರಿಯುತ್ತಿದ್ದ ನೀರೊಲೆಗೆ ಎರಡನ್ನೂ ತುರುಕಿ, ಒಂದು ಹಳೆಯ ಪಂಚೆಯ ತುಂಡು ಹಿಡಿದು ವಾಪಸು ಬಂದರು. ಜಗಲಿಯ ಮೇಲೆ ಕೂತು ಅವನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

ಚೆನ್ನಮಲ್ಲ ಬೆಚ್ಚಿಬಿದ್ದು ಕಾಲು ಎಳೆದುಕೊಳ್ಳಹೋದ. "ಬೇಡ ಬುದ್ಧಿ, ನಿಮ್ಮ ತೊಡೆ ಮೇಲೆ ನನ್ನ ಕಾಲಾ? ನನಗೆ ಪಾಪ ಬರುತ್ತೆ."

"ಸುಮ್ನೆ ಕೂತ್ಕೋ."

ಬಟ್ಟೆಯನ್ನು ಮಡಿಸಿ ಮೆತ್ತೆ ಮಾಡಿ, ಉಬ್ಬಿನ ಮೇಲಲ್ಲ, ಅದರ ತುಸು ಹಿಂದೆ ಇಟ್ಟು ಸಡಿಲವಾಗಿ ಕಟ್ಟಿದರು.

"ಹೀಗಿಟ್ರೆ ಎಲುಬು ಬಿಚ್ಚಿಕೊಂಡು ನರಕ್ಕೆ ಜಾಗ ಸಿಗುತ್ತೆ. ಶಾಖ ಕೊಡೋದು ಬಿಟ್ಟು ಹೊಳೆಯ ತಣ್ಣೀರಲ್ಲಿ ಕಾಲಿಡು. ಬೆರಳು ಅಗಲಿಸೋಕೆ ಬರೋ ಚಪ್ಪಲಿ ಹೊಲಿಸ್ಕೋ."

"ಸಂಚಾರಕ್ಕೆ?"

"ನಿನ್ನ ಕಾಲು ನೆಟ್ಟಗಾದ ಮೇಲೆ ಇಬ್ರೂ ಹೊರಡೋಣ. ಅಲ್ಲೀತನಕ ಅಷ್ಟೂ ಊರಿನ ರೋಗಿಗಳು ನರಳ್ತಾ ಕಾಯ್ತಾರೆ. ಯಾಕೆ ತಡ ಆಯ್ತು ಅಂತ ಅವರಿಗೆ ನೀನೇ ಹೇಳು."

ಚೆನ್ನಮಲ್ಲನ ಸಿಟ್ಟೆಲ್ಲ ಇಳಿದುಹೋಯಿತು. ತಲೆ ತಗ್ಗಿಸಿದ.

"ನೀವು ಕೊಟ್ಟಿದ್ದು ಅನ್ನೋ ಭಕ್ತಿಗೆ ಹಾಗೆ ಮಾಡ್ದೆ ಬುದ್ಧಿ."

"ಹಾವುಗೆ ಕೊಟ್ಟವನ ಮೇಲೆ ಇಷ್ಟೊಂದು ಭಕ್ತಿ," ಎಂದರು ಗುರುಗಳು, "ಕಾಲು ಕೊಟ್ಟವನ ಮೇಲೆ ನಿನಗೆ ಏನಪ್ಪಾ ಸಿಟ್ಟು?"