ದೊರಕಮ್ಮನ ಕೈಯಲ್ಲಿದ್ದ ಕಡ್ಡಿ

ಒಂದೂರಲ್ಲಿ, ಅದು ಯಾವ ಊರು ಅಂತ ನನಗೆ ಕಥೆ ಹೇಳಿದವರೂ ಹೇಳಲಿಲ್ಲ, ಮುದ್ದಯ್ಯ ಅಂತ ಒಬ್ಬ ಕುಂಬಾರ ಇದ್ದನಂತೆ. ಅವನ ಹೆಂಡತಿ ಈರಮ್ಮ. ಮನೆ ತುಂಬ ಮಡಕೆ, ಮಡಿಲು ಬರಿದು.

ಒಂದು ಬೆಳಗ್ಗೆ ಮುದ್ದಯ್ಯ ಜೇಡಿಮಣ್ಣು ತರೋಕೆ ಕೆರೆ ಕಡೆ ಹೊರಟ. ಉಪ್ಪಿನ ಗಾಡಿಗಳು ತಂಗಿ ಹೋಗುವ ಹುಣಸೆಮರದ ಬುಡದಲ್ಲಿ ಐದು ವರ್ಷದ ಒಂದು ಹೆಣ್ಣುಮಗು ಒಂಟಿಯಾಗಿ ಕೂತಿತ್ತಂತೆ. "ಯಾರ ಮಗಳವ್ವ ನೀನು?" ಅಂದ. ಮಗು ಏನೋ ಹೇಳಿತು. ಅದರ ಮಾತು ಅವನಿಗೆ ತಿಳಿಯದು, ಅವನ ಮಾತು ಅದಕ್ಕೆ ತಿಳಿಯದು. ಮುಷ್ಟಿಯೊಳಗೆ ಒದ್ದೆ ಬಟ್ಟೆ ಸುತ್ತಿದ ಗೇಣುದ್ದದ ಒಂದು ಗಿಡದ ಕಡ್ಡಿ ಇತ್ತು.

ಮೂರು ದಿನ ಮುದ್ದಯ್ಯ ಅದೇ ಮರದ ಕೆಳಗೆ ಮಗುವನ್ನು ಕೂರಿಸಿಕೊಂಡು ಕಾದ. ಯಾರೂ ಬರಲಿಲ್ಲ. ಮನೆಗೆ ಕರೆತಂದ. ದೊರಕಿದ ಮಗು ಅಂತ ದೊರಕಮ್ಮ ಅಂತಲೇ ಕರೆದರು. ಕಡ್ಡಿಯನ್ನು ಮಾತ್ರ ಅದು ಯಾರ ಕೈಗೂ ಕೊಡಲೊಲ್ಲದು. ಆಗ ಈರಮ್ಮ ಒಂದು ಹೊಸ ಕುಡಿಕೆಗೆ ಮಣ್ಣು ತುಂಬಿ ಅದರ ಮುಂದೆ ಇಟ್ಟಳಂತೆ. ಮಗು ತಾನೇ ಕಡ್ಡಿ ನೆಟ್ಟು, ತಾನೇ ನೀರು ಹಾಕಿತು.

ಕಡ್ಡಿ ಚಿಗುರಿತು. ದಪ್ಪ ಎಲೆ, ಮೇಲೆ ಹಸಿರು, ಕೆಳಗೆ ಕೆಂಪು, ಮೈಯೆಲ್ಲ ಎಣ್ಣೆ ಸವರಿದ ಹಾಗೆ ಹೊಳಪು. ಹೂ ಬಿಡಲಿಲ್ಲ, ಕಾಯಿ ಕಟ್ಟಲಿಲ್ಲ. ಮನೆಗೆ ಬಂದವರೆಲ್ಲ ಇದೇನು ಗಿಡ ಅಂತ ಕೇಳುವವರೇ. ಹೇಳುವವರು ಒಬ್ಬರೂ ಇಲ್ಲ.

ದೊರಕಮ್ಮ ಬೆಳೆದಳು. ಈ ಊರ ಮಾತು ಕಲಿತಳು, ತನ್ನ ಮಾತು ಮರೆತಳು. ಮದುವೆಯಾಯಿತು, ಕೆಂಚಮ್ಮ ಅಂತ ಒಬ್ಬಳು ಮಗಳಾದಳು. ಯಾರಾದರೂ ನಿನ್ನ ತವರು ಯಾವುದು ಅಂದರೆ, "ನನ್ನನ್ನು ಬೇಡ ಅಂತ ಬಿಟ್ಟುಹೋದರು, ಬೇಡವಾದವಳಿಗೆ ತವರೆಲ್ಲಿ" ಅಂತ ಅಷ್ಟೇ ಹೇಳಿ ಕೆಲಸಕ್ಕೆ ಕೈ ಹಾಕುತ್ತಿದ್ದಳಂತೆ. ಅತ್ತಿದ್ದನ್ನು ಯಾರೂ ಕಂಡಿಲ್ಲ. ಕುಡಿಕೆ ಒಡೆದರೆ ಇನ್ನೊಂದು ಕುಡಿಕೆ, ಗಿಡ ಸೊರಗಿದರೆ ಅದರದೇ ಒಂದು ಕಡ್ಡಿ. ಹಾಗೆ ಅರವತ್ತು ಮಳೆಗಾಲ ಕಳೆಯಿತು. ಸಾಕಿದವರು ಹೋದರು, ಗಂಡನೂ ಹೋದ.

ಒಂದು ದಿನ ದೊರಕಮ್ಮ ಜ್ವರ ಬಂದು ಮಲಗಿದಳು. ಜ್ವರ ಇಳಿಯಿತು, ಆದರೆ ಮಾತು ತಿರುಗಿಬಿಟ್ಟಿತ್ತಂತೆ. ಆಡುವುದು ಯಾವುದೋ ಭಾಷೆ. ಅದರಲ್ಲೂ ನಾಲ್ಕೇ ಮಾತು. ಬಂದವರ ಮುಖ ನೋಡುವಳು, ಆ ನಾಲ್ಕು ಮಾತು ಕೇಳುವಳು, ಉತ್ತರಕ್ಕೆ ಕಾಯುವಳು. ಕೆಂಚಮ್ಮ ನೀರು ಕೊಟ್ಟಳು, ಗಂಜಿ ಕೊಟ್ಟಳು, ದೇವರ ವಿಭೂತಿ ಹಚ್ಚಿದಳು. ಅವ್ವ ಮುಖ ತಿರುಗಿಸಿದಳು. ದಿನಕ್ಕೆರಡು ಗುಟುಕು ಗಂಜಿ ಇಳಿದರೆ ಹೆಚ್ಚು.

ಕೆಂಚಮ್ಮ ಕೂತು ಯೋಚಿಸಿದಳು. ಈ ಮಾತಿನ ಊರು ಎಲ್ಲಿದೆಯೋ ಈ ಗಿಡದ ಊರೂ ಅಲ್ಲೇ ಇರಬೇಕು. ಮಾತನ್ನು ಕಟ್ಟಿಕೊಂಡು ಹೋಗಿ ತೋರಿಸೋಕಾಗಲ್ಲ, ಗಿಡವನ್ನು ತೋರಿಸಬಹುದು. ಅವ್ವನನ್ನು ನೆರೆಮನೆಯವಳಿಗೆ ಒಪ್ಪಿಸಿ, ಒಂದು ಕಡ್ಡಿ ಮುರಿದು, ಒದ್ದೆ ಬಟ್ಟೆ ಸುತ್ತಿ ಹೊರಟಳಂತೆ.

ಮೊದಲು ಸಿಕ್ಕಿದವರು ಒಬ್ಬ ಪಂಡಿತರು. ಓಲೆಗರಿ ತಿರುವಿ ತಿರುವಿ ಒಂದು ಉದ್ದದ ಹೆಸರು ಹೇಳಿದರು.

"ಸ್ವಾಮಿ, ಇದು ಬೆಳೆದಿದ್ದನ್ನು ಎಲ್ಲಿ ನೋಡಿದ್ದೀರಿ?"

"ನೋಡೋದೇನಮ್ಮ, ಓಲೆಯಲ್ಲಿದೆ."

ಕೆಂಚಮ್ಮ ಕೈಮುಗಿದು ಮುಂದೆ ಹೋದಳು.

ಎರಡನೆಯವನು ಅರಮನೆಯ ತೋಟದವನು. ಏಳು ರಾಜ್ಯದ ಗಿಡ ಸಾಕಿದವನು. ಎಲೆ ಹಿಸುಕಿದ, ಮೂಸಿದ, ನೆಲಕ್ಕೆ ಹಾಕಿದ. "ದೊರೆಗಳ ತೋಟದಲ್ಲಿ ಇಲ್ಲದ್ದು ಕಳೆಗಿಡ. ಬಿಸಾಕಿ ಮನೆಗೆ ಹೋಗಮ್ಮ" ಅಂದ. ಅವಳು ಆ ಎಲೆಯನ್ನೂ ಎತ್ತಿಕೊಂಡು ಹೊರಟಳು.

ಮೂರನೆಯವನು ಗುಡ್ಡದ ಮೇಲೆ ಆಡು ಮೇಯಿಸುವ ಒಬ್ಬ ಮುದುಕ. ಕಡ್ಡಿಯನ್ನು ಬಹಳ ಹೊತ್ತು ನೋಡಿದ.

"ನನಗೆ ಗೊತ್ತಿಲ್ಲ ತಾಯಿ" ಅಂದ.

ಅಷ್ಟು ದೂರ ನಡೆದವಳಿಗೆ ಆಗ ಕಣ್ಣು ತುಂಬಿತಂತೆ.

ಮುದುಕ ಅಂದ, "ಹೆಸರು ಗೊತ್ತಿಲ್ಲ ಅಂದೆ, ಎಲೆ ಹೇಳೋದು ಕೇಳು. ಇಷ್ಟು ದಪ್ಪ ಎಲೆ ನೀರು ಕೂಡಿಟ್ಟುಕೊಳ್ಳೋದಕ್ಕೆ. ಈ ಎಣ್ಣೆಮೈ ಉಪ್ಪುಗಾಳಿ ಕಚ್ಚದೆ ಇರೋದಕ್ಕೆ. ಚಿಕ್ಕವನಿದ್ದಾಗ ಘಟ್ಟ ಇಳಿದಿದ್ದೆ, ಅಲ್ಲಿಯ ಗಿಡಗಳಿಗೆ ಇಂಥ ಮೈ ಇರ್ತಿತ್ತು. ಉಪ್ಪಿನ ಗಾಡಿ ಯಾವ ಕಡೆಯಿಂದ ಬರುತ್ತೋ ಆ ಕಡೆ ಹೋಗು."

ಕೆಂಚಮ್ಮ ಗಾಡಿಜಾಡು ಹಿಡಿದು ಏಳು ದಿನ ನಡೆದಳು. ಎಂಟನೆಯ ದಿನ ಕಡಲು ಕಂಡಿತು. ದಂಡೆಯ ಮೇಲೆ ಉಪ್ಪು ತೆಗೆಯುವವರ ಗುಡಿಸಲು. ಅಲ್ಲಿ ಬೀರಜ್ಜಿ ಅಂತ ಒಬ್ಬ ಹಣ್ಣು ಮುದುಕಿ ಉಪ್ಪು ಗುಡ್ಡೆ ಹಾಕುತ್ತಿದ್ದಳಂತೆ. ಗಾಡಿಯವರ ಜೊತೆ ಆಡಿ ಆಡಿ ಅವಳಿಗೆ ಘಟ್ಟದ ಮೇಲಿನ ಮಾತು ಬರುತ್ತಿತ್ತು. ಕಡ್ಡಿ ನೋಡಿದವಳೇ ಉಪ್ಪು ಬಾಚುವ ಹಲಗೆ ಕೆಳಗಿಟ್ಟಳು. ಇದು ಎಲ್ಲಿ ಸಿಕ್ಕಿತು ಅನ್ನಲಿಲ್ಲ.

"ಯಾರ ಮಗು?" ಅಂದಳು.

ಕೆಂಚಮ್ಮ ಹುಣಸೆಮರದಿಂದ ಹಿಡಿದು ಎಲ್ಲ ಹೇಳಿದಳು. ಬೀರಜ್ಜಿ ಕಡಲ ಕಡೆ ಕೈ ತೋರಿಸಿದಳು. ನೀರಿನ ನಡುವೆ ಒಂದು ನಡುಗಡ್ಡೆ.

"ಅಲ್ಲಿ ಮನೆಮನೆಯ ಬಾಗಿಲಲ್ಲೂ ಈ ಗಿಡ ಇತ್ತು ಮಗಳೇ. ನಿಮ್ಮ ಮಾತಲ್ಲಿ ಹೇಳೋದಾದ್ರೆ ಕಾದಿರುಗಿಡ. ಮಗುವನ್ನು ದೂರ ಕಳಿಸಬೇಕಾಗಿ ಬಂದ್ರೆ ಬಾಗಿಲ ಗಿಡದ ಒಂದು ಕಡ್ಡಿ ಮುರಿದು ಅದರ ಕೈಗೆ ಕೊಡೋರು. ಇದನ್ನ ನೆಟ್ಟು ನೀರು ಹಾಕ್ತಾ ಇರು, ಬಂದು ಕರ್ಕೊಂಡು ಹೋಗ್ತೀವಿ ಅಂತ. ಬಿಟ್ಟುಬಿಡೋ ಮಗುವಿಗೆ ಇದನ್ನ ಕೊಡಲ್ಲ. ಮತ್ತೆ ಬೇಕು ಅನ್ನೋ ಮಗುವಿಗೇ ಕೊಡೋದು."

"ಮತ್ತೆ ಯಾಕೆ ಬರಲಿಲ್ಲ ಅಜ್ಜಿ?"

"ನನಗಾಗ ಹತ್ತು ವರ್ಷ. ಆ ನಡುಗಡ್ಡೇಲಿ ದೊಡ್ಡ ಬೇನೆ ಬಿತ್ತು. ಇನ್ನೂ ಬೇನೆ ಮುಟ್ಟದ ಮಕ್ಕಳನ್ನ ಉಪ್ಪಿನ ಗಾಡಿ ಹತ್ತಿಸಿ, ಗಾಡಿ ತಂಗೋ ಊರೂರಲ್ಲಿ ಒಬ್ಬೊಬ್ಬರನ್ನ ಇಳಿಸಿ ಅಂತ ಕಳಿಸಿದರು. ಕಳಿಸಿದವರಲ್ಲಿ ಒಬ್ಬರೂ ಉಳೀಲಿಲ್ಲ."

ಕೆಂಚಮ್ಮ ತನಗೆ ನೆನಪಿದ್ದ ಹಾಗೆ ಅವ್ವನ ನಾಲ್ಕು ಮಾತು ಆಡಿ ತೋರಿಸಿದಳು. ಚಿಕ್ಕಂದಿನಲ್ಲಿ ನಡುಗಡ್ಡೆಯವರ ಜೊತೆ ಉಪ್ಪು ಬಾಚಿದ್ದ ಬೀರಜ್ಜಿಗೆ ಅರ್ಥವಾಯಿತು. ಆದರೂ ಹೇಳಲಿಲ್ಲ. "ಕೇಳಿದವಳಿಗೇ ಹೇಳಬೇಕು. ನಡಿ" ಅಂತ ಸೆರಗು ಸುತ್ತಿಕೊಂಡಳಂತೆ.

ಉಪ್ಪಿನ ಗಾಡಿಯಲ್ಲಿ ಇಬ್ಬರೂ ಬಂದರು. ದೊರಕಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಬೀರಜ್ಜಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು. ದೊರಕಮ್ಮ ತಿರುಗಿ, ಎಲ್ಲರನ್ನೂ ಕೇಳಿದ ಹಾಗೆ ಅವಳನ್ನೂ ಕೇಳಿದಳು.

ಕೇಳಿದ್ದು ಇಷ್ಟು: "ಅವ್ವಾ, ನಾನೇನು ತಪ್ಪು ಮಾಡಿದೆ?"

ಬೀರಜ್ಜಿ ಅದೇ ಮಾತಲ್ಲಿ ಉತ್ತರ ಕೊಟ್ಟಳು. ನಿಧಾನಕ್ಕೆ ಹೇಳಿದಳು, ಬಿಡದೆ ಹೇಳಿದಳು. ಬೇನೆ ಬಿದ್ದದ್ದು, ಮಕ್ಕಳನ್ನು ಗಾಡಿ ಹತ್ತಿಸಿದ್ದು, ಆ ಕಡ್ಡಿಯನ್ನು ಯಾಕೆ ಕೊಟ್ಟರು ಅನ್ನುವುದು. ನಿನ್ನ ಅವ್ವ ಬರುತ್ತಾಳೆ ಅಂತ ಸುಳ್ಳು ಹೇಳಲಿಲ್ಲ. ಬರೋಕೆ ಉಳಿಯಲಿಲ್ಲ ಅಂದಳು. ದೊರಕಮ್ಮ ಒಂದೊಂದು ಮಾತನ್ನೂ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ ಅತ್ತಳು. ಅರವತ್ತು ವರ್ಷ ಅಳದವಳು ಅವತ್ತು ಹೊತ್ತು ಮುಳುಗುವ ತನಕ ಅತ್ತಳಂತೆ. ಕೆಂಚಮ್ಮ ಸಮಾಧಾನ ಮಾಡೋಕೆ ಹೋದರೆ ಬೀರಜ್ಜಿ ಬೇಡ ಅಂತ ಕೈಸನ್ನೆ ಮಾಡಿದಳು.

ಅಳು ನಿಂತ ಮೇಲೆ ದೊರಕಮ್ಮ ಮಗಳ ಕಡೆ ತಿರುಗಿ ನಮ್ಮ ಮಾತಲ್ಲೇ ಅಂದಳು, "ಕೆಂಚೀ, ಹಸಿವಾಗ್ತಿದೆ."

ಅವಳು ಎದ್ದು ಓಡಾಡುವ ಹಾಗಾಗೋಕೆ ಒಂದು ತಿಂಗಳು ಹಿಡಿಯಿತು. ಆಮೇಲೆ ಮೂವರೂ ಗಾಡಿ ಹತ್ತಿ ಕಡಲಿಗೆ ಹೋದರು, ದೋಣಿ ಹತ್ತಿ ನಡುಗಡ್ಡೆಗೆ ಹೋದರು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಾಡು ಬಿದ್ದಿತ್ತು, ಗೋಡೆ ಕುಸಿದಿತ್ತು. ಬಾಗಿಲಿದ್ದ ಜಾಗದಲ್ಲೆಲ್ಲ ಕಾದಿರುಗಿಡ ಎದೆಯೆತ್ತರಕ್ಕೆ ಹಬ್ಬಿತ್ತು.

"ಇದರಲ್ಲಿ ನಮ್ಮ ಮನೆ ಯಾವುದು?" ಅಂದಳು ದೊರಕಮ್ಮ.

"ಅದು ನನಗೂ ಗೊತ್ತಿಲ್ಲ ಕಣೇ" ಅಂದಳು ಬೀರಜ್ಜಿ.

ದೊರಕಮ್ಮ ಒಂದು ಮನೆ ನೋಡಿದಳು, ಎರಡು ಮನೆ ನೋಡಿದಳು. ಎಲ್ಲ ಹೊಸ್ತಿಲೂ ಒಂದೇ ಥರ, ಎಲ್ಲ ಗಿಡವೂ ಒಂದೇ ಥರ. ಮೂರನೆಯ ಮನೆಯ ಮುಂದೆ ಗಿಡವನ್ನು ಮೆಲ್ಲಗೆ ಸರಿಸಿ, ಹೊಸ್ತಿಲ ಮಣ್ಣು ಸೆರಗಿನಿಂದ ಒರೆಸಿ, ಅದರ ಮೇಲೆ ಕೂತಳಂತೆ.

"ಇದೇ ಇರಲಿ" ಅಂದಳು. ಮಗಳನ್ನೂ ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

ಅವರು ಕೂತಲ್ಲೇ ಕಥೆ ಎದ್ದು ನಡೆದು, ಹತ್ತೂರು ದಾಟಿ ನಮ್ಮ ಜಗಲಿಗೆ ಬಂತು. ಹೇಳಿದ ನನ್ನ ಬಾಯಿ ತಣ್ಣಗಿರಲಿ, ಕೇಳಿದ ನಿಮ್ಮ ಹೊಸ್ತಿಲು ಬೆಚ್ಚಗಿರಲಿ.