ಓಬಳೇಶನ ಬಸ್ಸಿಗೆ ಎಫ್‌ಸಿ ಆದದ್ದು

ನಮ್ಮ ಸೀಮೆಯ ಪೆದ್ದರ ಮುಂದೆ ಬೇರೆ ಸೀಮೆಯ ಪೆದ್ದರು ಲೆಕ್ಕಕ್ಕೇ ಇಲ್ಲ. ಅಲ್ಲಿನವರು ಅರೆಪೆದ್ದರು, ಮಧ್ಯಾಹ್ನದ ಹೊತ್ತಿಗೆ ಬುದ್ಧಿ ಬಂದುಬಿಡುತ್ತದೆ. ನಮ್ಮ ತಿಪ್ಪಕ್ಕನ ಮಗ ಓಬಳೇಶ ಹಾಗಲ್ಲ. ಬೆಳಗಿನಿಂದ ಬೈಗಿನವರೆಗೆ ಒಂದೇ ಹದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವ್ವ “ಸಾರು ಉಕ್ಕುತ್ತೇನೋ ನೋಡ್ತಿರೋ” ಅಂದರೆ ನೋಡುತ್ತ ಕೂತಿರುವನು. ಸಾರು ಉಕ್ಕಿ ಒಲೆಯೇ ಆರಿಹೋದ ಮೇಲೆ ಎದ್ದುಹೋಗಿ, “ಅವ್ವ, ನೋಡಿದೆ, ಉಕ್ಕಿತು” ಅನ್ನುವನು. ತಿಪ್ಪಕ್ಕ ಹಣೆ ಚಚ್ಚಿಕೊಳ್ಳುವಳು. ಯಾಕೆ ಚಚ್ಚಿಕೊಳ್ಳುತ್ತಾಳೆ ಅನ್ನುವುದು ಓಬಳೇಶನಿಗೆ ತಿಳಿಯದು.

ಇಂಥವನಿಗೆ ಯಾರು ಕೆಲಸ ಕೊಟ್ಟಾರು? ಬಸ್ಸು ಓಡಿಸುವುದೊಂದು ಮಾತ್ರ ಅವನಿಗೆ ಚೆನ್ನಾಗಿ ಬರುತ್ತಿತ್ತು. ಅದಕ್ಕೇ ತಿಪ್ಪಕ್ಕ ಇದ್ದ ಕುರಿಹಿಂಡನ್ನೆಲ್ಲ ಮಾರಿ ಒಂದು ಹಳೇ ಬಸ್ಸು ಕೊಂಡಳು. ಸಂತೆಗೆ ಜನ ಸಾಗಿಸಿದರೆ ತಾಯಿ ಮಗ ಇಬ್ಬರ ಹೊಟ್ಟೆಯೂ ನಡೆಯುತ್ತದೆ ಅಂತ ಅವಳ ಆಸೆ. ಆದರೆ ಬಸ್ಸು ರಸ್ತೆಗೆ ಇಳಿಯಲು ಲಾಯಕ್ಕಾಗಿದೆ ಅಂತ ಸಾರಿಗೆ ಆಫೀಸಿನ ಇನ್‌ಸ್ಪೆಕ್ಟರ್ ಸಾಹೇಬರು ನೋಡಿ ಎಫ್‌ಸಿ ಕೊಡಬೇಕಲ್ಲ. ಅದಿಲ್ಲದೆ ಒಂದು ಕೋಳಿಯನ್ನೂ ಹತ್ತಿಸುವ ಹಾಗಿಲ್ಲ.

ಬಸ್ಸೋ, ಮೈಯೆಲ್ಲ ಕಿರುಗುಟ್ಟುತ್ತಿತ್ತು.

“ಲೋ ಓಬಳೇಶ, ಎಣ್ಣೆ ಕಂಡು ಎಷ್ಟು ಕಾಲ ಆಯ್ತೋ ಏನೋ. ಕಿರ್ ಅಂತ ಎಲ್ಲೆಲ್ಲಿ ಕೂಗುತ್ತೋ ಅಲ್ಲಲ್ಲಿ ಒಂಚೂರು ಎಣ್ಣೆ ಬಿಟ್ಕೊಂಡು ಹೋಗಪ್ಪ” ಅಂದಳು ತಿಪ್ಪಕ್ಕ.

“ಆಗಲಿ ಅವ್ವ.”

ಓಬಳೇಶ ಬಾಗಿಲಿಗೆ ಬಿಟ್ಟ, ಕಿಟಕಿಗೆ ಬಿಟ್ಟ, ಸೀಟಿಗೆ ಬಿಟ್ಟ. ಎಲ್ಲಕ್ಕಿಂತ ಜೋರಾಗಿ ಕೂಗುತ್ತಿದ್ದದ್ದು ಬ್ರೇಕು. ಅದಕ್ಕೆ ಹರಳೆಣ್ಣೆಯ ಚೊಂಬನ್ನೇ ಬಗ್ಗಿಸಿದ.

ಆಫೀಸಿನ ಅಂಗಳದಲ್ಲಿ ಸಾಹೇಬರು ಸುಣ್ಣದ ಗೆರೆ ತೋರಿಸಿ, “ಇಲ್ಲಿ ಬ್ರೇಕ್ ಹಾಕು” ಅಂದರು. ಗೆರೆಯ ಮೇಲೆ ಓಬಳೇಶ ಬ್ರೇಕು ಒತ್ತಿದ. ಬಸ್ಸು ಗೆರೆ ದಾಟಿತು, ಗೇಟು ದಾಟಿತು, ರಸ್ತೆ ದಾಟಿ ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ಗುಡ್ಡೆಗೆ ಮೂತಿ ಇಟ್ಟು ನಿಂತಿತು.

ಸಾಹೇಬರು ಏದುಸಿರು ಬಿಡುತ್ತ ಓಡಿ ಬಂದರು. “ಬ್ರೇಕಿಗೆ ಏನಯ್ಯ ಮಾಡಿದೀಯ?”

“ಹರಳೆಣ್ಣೆ ಬಿಟ್ಟಿದೀನಿ ಸಾರ್. ಚೂರಾದ್ರೂ ಸದ್ದು ಬಂತಾ ನೀವೇ ಹೇಳಿ.”

ಎಫ್‌ಸಿ ಇಲ್ಲ. ಸದ್ದಡಗಿದ ಬ್ರೇಕಿಗೆ ಯಾಕೆ ಬೈದರು ಅಂತ ಓಬಳೇಶ ಊರು ಮುಟ್ಟುವವರೆಗೆ ಯೋಚಿಸಿದ.

“ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒನಕೆಯೇ, ಬ್ರೇಕಿಗೆ ಯಾರಾದ್ರೂ ಎಣ್ಣೆ ಬಿಡ್ತಾರೇನೋ?” ಅಂದಳು ತಿಪ್ಪಕ್ಕ. “ಮೊದಲು ಎಣ್ಣೆ ಒರೆಸಿ ತೆಗಿ. ಒಂದು ತೊಟ್ಟೂ ಇರಕೂಡದು.”

“ಆಗಲಿ ಅವ್ವ.”

ಓಬಳೇಶ ಬ್ರೇಕು ಒರೆಸಿದ. ಅಲ್ಲಿಗೆ ಬಿಟ್ಟಿದ್ದರೆ ಕತೆ ಎಲ್ಲಿತ್ತು? ಇಂಜಿನ್ನಿನ ಮುಚ್ಚಳ ತೆಗೆದು ನೋಡಿದ, ಒಳಗೆ ಎಣ್ಣೆ. ಬಸಿದು ತೆಗೆದ. ಟ್ಯಾಂಕು ಮೂಸಿದ, ಡೀಸೆಲ್ಲು. ಇದೂ ಎಣ್ಣೆಯ ಜಾತಿಯೇ ಅಂತ ಅದನ್ನೂ ಕೊಡಗಳಿಗೆ ತುಂಬಿಟ್ಟು, ಒಳಗೆಲ್ಲ ಬಟ್ಟೆ ಹಾಕಿ ಒರೆಸಿದ. ಬೆಳಿಗ್ಗೆ ಬಸ್ಸು ಮಿಸುಕಲಿಲ್ಲ. ಊರಿನ ಎತ್ತುಗಳನ್ನೆಲ್ಲ ಬೇಡಿ ತಂದು ಮುಂದೆ ಕಟ್ಟಿ ಆಫೀಸಿಗೆ ಎಳೆಸಿಕೊಂಡು ಹೋದ.

ಸಾಹೇಬರು ಎತ್ತುಗಳನ್ನು ನೋಡಿದರು, ಬಸ್ಸನ್ನು ನೋಡಿದರು.

“ಇದಕ್ಕೆ ಎಫ್‌ಸಿ ಕೊಡಬೇಕಾದವನು ನಾನಲ್ಲ ಕಣಯ್ಯ, ದನದ ಡಾಕ್ಟರು.”

ಓಬಳೇಶ ಬಸ್ಸು ತಿರುಗಿಸಿಕೊಂಡು ದನದ ಆಸ್ಪತ್ರೆಗೆ ಹೋದ. ಅಲ್ಲಿಯೂ ಎಫ್‌ಸಿ ಕೊಡಲಿಲ್ಲ. ಒಂದು ಎತ್ತಿನ ಗೊರಸು ನೋಡಿ ಕಳಿಸಿದರು.

ತಿಪ್ಪಕ್ಕ ಕೊಡಗಳನ್ನು ಕಂಡು ಕುಸಿದು ಕೂತಳು. “ಖಾಲಿ ಬಸ್ಸು ಹೆಂಗಪ್ಪ ಓಡುತ್ತೆ? ಖಾಲಿ ಇರೋದನ್ನೆಲ್ಲ ತುಂಬಬೇಕು ಕಣೋ, ತುಂಬಬೇಕು.”

“ಖಾಲಿ ಇರೋದನ್ನೆಲ್ಲವಾ?”

“ಎಲ್ಲ.”

ಓಬಳೇಶ ಡೀಸೆಲ್ಲು ತುಂಬಿದ, ಇಂಜಿನ್ನಿಗೆ ಎಣ್ಣೆ ತುಂಬಿದ. ಗಾಯಕ್ಕೆ ಮದ್ದಿಡುವ ಡಬ್ಬಿ ಖಾಲಿಯಿತ್ತು, ಅದಕ್ಕೆ ಕಡಲೆಕಾಯಿ ತುಂಬಿದ. ಬೆಂಕಿ ಆರಿಸುವ ಕೆಂಪು ಸಿಲಿಂಡರು ಖಾಲಿಯಿತ್ತು, ಅದಕ್ಕೆ ಮಜ್ಜಿಗೆ ತುಂಬಿದ. ಆಫೀಸಿನಲ್ಲಿ ಸರದಿಗೆ ಕಾಯುತ್ತ, ಕಡಲೆಕಾಯಿ ಸುಲಿದು ತಿನ್ನುತ್ತ ಬಸ್ಸನ್ನೊಂದು ಸುತ್ತು ಹಾಕಿದರೆ, ಹಿಂದೆ ಹೊಗೆ ಕೊಳವೆ! ಕೈ ಹಾಕಿ ನೋಡಿದ, ಪೂರಾ ಖಾಲಿ. ಸದ್ಯ, ಸಾಹೇಬರಿಗಿಂತ ಮೊದಲು ತನ್ನ ಕಣ್ಣಿಗೆ ಬಿತ್ತಲ್ಲ ಅಂತ ಕಡಲೆಸಿಪ್ಪೆ ತುರುಕಿ, ಕೋಲಿನಿಂದ ದಬ್ಬಿ ದಬ್ಬಿ ತುಂಬಿದ.

ಸಾಹೇಬರು ಹೊಗೆ ಪರೀಕ್ಷೆಗೆ ಕೊಳವೆಯ ಮುಂದೆ ಬಗ್ಗಿ, “ಸ್ಟಾರ್ಟ್ ಮಾಡು” ಅಂದರು. ಮಾಡಿದ. ಢಂ ಅಂತು. ಸಾಹೇಬರು ಎದ್ದಾಗ ಮೀಸೆಯಲ್ಲಿ ಸಿಪ್ಪೆ, ಜೇಬಿನಲ್ಲಿ ಸಿಪ್ಪೆ, ಕನ್ನಡಕದ ಮೇಲೆ ಮಸಿ.

“ಇನ್ನೊಂದೇ ಸಲ ನೋಡ್ತೀನಿ” ಅಂದರು ಮೆಲ್ಲಗೆ. “ಅವತ್ತೂ ಆಗ್ಲಿಲ್ಲ ಅಂದ್ರೆ ಈ ಬಸ್ಸು ಗುಜರಿಗೆ.”

ಗುಜರಿ ಅಂದ ಮೇಲೆ ತಿಪ್ಪಕ್ಕ ಬೈಯಲಿಲ್ಲ. ಖಾಲಿ ಕುರಿಹಟ್ಟಿಯ ಕಡೆ ನೋಡುತ್ತ ಕೂತಳು. ಆಮೇಲೆ ಕಿವಿಯ ಓಲೆ ಬಿಚ್ಚಿ ಕೊಟ್ಟು, ಮೆಕ್ಯಾನಿಕ್ ಇಮಾಮ್‌ಸಾಬಿಯನ್ನು ಕರೆಸಿ ಬ್ರೇಕು, ಟೈರು, ದೀಪ, ಹಾರ್ನು ಎಲ್ಲ ಸರಿಮಾಡಿಸಿದಳು.

“ನೋಡು ಮಗ, ಇನ್ನು ನಿನ್ನ ಬುದ್ಧಿ ಬೇಡ, ನನ್ನ ಮಾತೂ ಬೇಡ. ಸಾಹೇಬ್ರು ಏನು ಹೇಳ್ತಾರೋ ಅದು. ಅವರು ಹೇಳಿದ್ದನ್ನ ಬಿಟ್ಟು ಬೇರೆ ಏನೂ ಮಾಡಬೇಡ.”

“ಆಗಲಿ ಅವ್ವ.”

ಸಾಹೇಬರು ಈ ಸಲ ಬಸ್ಸಿನೊಳಗೇ ಕೂತರು, ಹಿಂದೆ ನಿಲ್ಲಲಿಲ್ಲ. “ದೀಪ ಹಾಕು.” ಹಾಕಿದ. “ವೈಪರ್ ಹಾಕು.” ಹಾಕಿದ. “ಬ್ರೇಕ್ ಹಾಕು.” ಹಾಕಿದ, ಸಾಹೇಬರ ಟೋಪಿ ಗಾಜಿಗೆ ಬಡಿಯಿತು. “ಭೇಷ್. ಹಾರ್ನ್ ಒತ್ತು.” ಒತ್ತಿದ.

ಒತ್ತಿದ, ಒತ್ತಿಯೇ ಇದ್ದ. ಬಿಡು ಅಂತ ಯಾರೂ ಹೇಳಲಿಲ್ಲವಲ್ಲ. ಸಾಹೇಬರು ಹೇಳಿದರು, ಆದರೆ ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅವರು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುವುದು ಮಾತ್ರ ಓಬಳೇಶನಿಗೆ ಕಾಣುತ್ತಿತ್ತು. ಹೊಟ್ಟೆ ಹಸಿದಿರಬೇಕು ಅಂದುಕೊಂಡು ಎಡಗೈಯಲ್ಲಿ ಕಡಲೆಕಾಯಿ ನೀಡಿದ. ಸಾಹೇಬರು ಒಂದು ಕಿವಿಯನ್ನು ಹೆಗಲಿಗೆ ಒತ್ತಿಕೊಂಡು, ಇನ್ನೊಂದನ್ನು ಕೈಯಲ್ಲಿ ಮುಚ್ಚಿಕೊಂಡು, ಉಳಿದ ಕೈಯಲ್ಲಿ ಎಫ್‌ಸಿಗೆ ಸಹಿ ಹಾಕಿ, ಬ್ಯಾಟರಿಯ ವೈರನ್ನು ತಾವೇ ಕಿತ್ತರು.

ಸದ್ದು ನಿಂತಿತು. ದೂರದಲ್ಲೆಲ್ಲೋ ಒಂದು ಕತ್ತೆ ಉತ್ತರ ಕೊಡುತ್ತಿತ್ತು.

“ತಗೊಂಡು ಹೋಗು ಮಾರಾಯ” ಅಂದರು ಸಾಹೇಬರು. “ಮುಂದಿನ ವರ್ಷ ತರುವಾಗಲೂ ಈ ಬಸ್ಸು ಇವತ್ತು ಹೆಂಗಿದೆಯೋ ಹಂಗೇ ಇರಬೇಕು, ತಿಳೀತಾ?”

ಓಬಳೇಶನಿಗೆ ಹುಟ್ಟಿದಂದಿನಿಂದ ಇಷ್ಟು ಚೆನ್ನಾಗಿ ಯಾವ ಮಾತೂ ತಿಳಿದಿರಲಿಲ್ಲ.

ಸಂತೆಯ ದಿನ ತಿಪ್ಪಕ್ಕ ಬಾಗಿಲಲ್ಲಿ ನಿಂತಿದ್ದರೆ, ಬುಟ್ಟಿ ಹೊತ್ತ ಹೆಂಗಸರು ಬಿಸಿಲಲ್ಲಿ ನಡೆದೇ ಹೊರಟಿದ್ದರು.

“ಯಾಕ್ರಮ್ಮ, ನಮ್ಮ ಬಸ್ಸು ಇರ್ಲಿಲ್ವಾ?”

“ಇದೆ ಕಣಕ್ಕ, ಚೆಂದಾಗಿದೆ. ನಿನ್ನ ಮಗ ಹತ್ತಿಸಿಕೊಂಡ್ರೆ ತಾನೆ?”

ತಿಪ್ಪಕ್ಕ ಹಿತ್ತಲಿಗೆ ಓಡಿದಳು. ಬಸ್ಸು ದಿಂಡುಗಲ್ಲುಗಳ ಮೇಲೆ ಕೂತಿತ್ತು. ಚಕ್ರ ನೆಲಕ್ಕೆ ತಾಗುತ್ತಿರಲಿಲ್ಲ. ಟೈರಿಗೆಲ್ಲ ಕಂಬಳಿ ಸುತ್ತಿತ್ತು. ಓಬಳೇಶ ಕೋಲು ಹಿಡಿದು ನೊಣ ಓಡಿಸುತ್ತಿದ್ದ.

“ಇದೇನೋ ಇದು?”

“ಜನ ಕೂತ್ರೆ ಸೀಟು ಹರಿಯುತ್ತೆ ಅವ್ವ. ಓಡಿಸಿದ್ರೆ ಟೈರು ಸವೆಯುತ್ತೆ. ಹಂಗೇ ಇರಬೇಕು ಅಂತ ಸಾಹೇಬ್ರು ಹೇಳಿದಾರೆ.”

“ಅಲ್ಲಿವರೆಗೂ ನಾವು ಹೊಟ್ಟೆಗೆ ಏನೋ ತಿನ್ನೋದು?”

ಓಬಳೇಶ ಕೋಲು ಕೆಳಗಿಟ್ಟು ತಲೆ ಕೆರೆದುಕೊಂಡ. 

“ಅದೊಂದು ಅವರು ಹೇಳ್ಲಿಲ್ಲ ಅವ್ವ” ಅಂದ. “ಮುಂದಿನ ವರ್ಷ ಹೋದಾಗ ಕೇಳ್ಕೊಂಡು ಬರ್ತೀನಿ.”